ಬೀಗರ ಮನೆಗೆ ಮಯೋನೀಸ್ ಬುತ್ತಿ

ಮಯೋನೀಸ್ ಮಾಡುವುದೇನು ಮಹಾ ವಿದ್ಯೆ! ಹಾಲು, ಎಣ್ಣೆ, ನಿಂಬೆರಸ, ಒಂದು ಮಿಕ್ಸರ್. ಮೊಬೈಲಿನಲ್ಲಿ ವಿಡಿಯೋ ನೋಡಿ ಮುಗಿಸಿದಾಗ, ಇಷ್ಟಕ್ಕೇ ಬಾಟಲಿ ಕಟ್ಟಿ ಮಾರುವ ಕಂಪನಿಗಳ ಮೇಲೆ ನನಗೆ ಕನಿಕರವೇ ಹುಟ್ಟಿತು.

ನನ್ನ ಸಂಕಟ ಬೇರೆಯೇ ಇತ್ತು. ಮಗಳು ಪಲ್ಲವಿಯನ್ನು ಕಲಬುರಗಿಯ ಹತ್ತಿರದ ಕಮಲಾಪುರಕ್ಕೆ ಕೊಟ್ಟಿದ್ದೆವು. ಮೈಮೇಲಿನ ಅರಿಶಿನ ಇನ್ನೂ ಆರಿರಲಿಲ್ಲ. ಫೋನ್ ಮಾಡಿದರೆ, "ಛಲೋ ಇದ್ದೀನಪ್ಪಾ, ಇಡ್ತೀನಿ" ಎನ್ನುತ್ತಿದ್ದಳು. ಛಲೋ ಇದ್ದವರು ಅಷ್ಟು ಬೇಗ ಫೋನ್ ಇಡುತ್ತಾರೆಯೇ? ಆ ಒಂದು ಮಾತನ್ನು ಹಿಡಿದು, ಅತ್ತೆಯ ಕಾಟ, ಉಪವಾಸ, ಕಣ್ಣೀರು ಎಲ್ಲವನ್ನೂ ನಾನೇ ಕಲ್ಪಿಸಿಕೊಂಡು ಸೊರಗಿದೆ. ಹೋಗಿ ಕಣ್ಣಾರೆ ನೋಡಬೇಕು. ಬರಿಗೈಯಲ್ಲಿ ಹೋಗಲಾದೀತೇ? ಮದುವೆಗೆ ಮುಂಚೆ ಅವಳಿಗೆ ಜೋಳದ ರೊಟ್ಟಿಗೂ ಮಯೋನೀಸ್ ಬೇಕಿತ್ತು. ಅದಕ್ಕೆ ನಮ್ಮ ಮನೆಯ ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ಬೆರೆಸಿ ಗುಟ್ಟಾಗಿ ಕೊಟ್ಟರೆ, ಒಂದು ತುತ್ತಿಗೇ ಮನಸ್ಸು ಬಿಚ್ಚಿಯಾಳು ಎಂಬುದು ನನ್ನ ಘನ ಯೋಜನೆ.

ಎಣ್ಣೆಯನ್ನು ಹನಿಹನಿಯಾಗಿ ಬಿಡಬೇಕೆಂದು ವಿಡಿಯೋದಲ್ಲಿ ಹೇಳಿದ್ದರು. ಆದರೆ ನಡುವೆ ಕರೆಂಟು ಹೋದರೆ? ಆ ಚಿಂತೆಗೆ ಎಲ್ಲವನ್ನೂ ಒಮ್ಮೆಲೇ ಸುರಿದೆ. ಅದೂ ಗಾಣದ ದುಬಾರಿ ಕುಸುಬಿ ಎಣ್ಣೆ! ಕರೆಂಟು ಹೋಗಲಿಲ್ಲ. ಮಯೋನೀಸ್ ಹೋಯಿತು.

ಹೆಂಡತಿ ಇಣುಕಿದಳು. "ಏನ್ರಿ, ಮಜ್ಜಿಗಿಗೆ ಎಣ್ಣಿ ಸ್ನಾನ ಮಾಡಸ್ಲಾಕತ್ತೀರೇನು?"

"ಇದು ಮಯೋನೀಸು."

"ಅದಕ್ಕರೆ ಗೊತ್ತದ ಏನ್ರಿ, ತಾ ಮಯೋನೀಸ್ ಅಂತ? ಸುಮ್ಮ ಹೋಳಿಗಿ ಮಾಡಿಕೊಡ್ತೀನಿ, ಒಯ್ರಿ."

"ಹೋಳಿಗಿ ಎಲ್ಲಾರ ಅಪ್ಪಂದಿರೂ ಒಯ್ತಾರ!"

ಎರಡನೆಯ ಸಲ ಅವಳೇ ಎಣ್ಣೆ ಬಿಟ್ಟಳು. ನಾನು ಮಿಕ್ಸರಿನ ಗುಂಡಿ ಒತ್ತಿ ಹಿಡಿದೆ. ಗಟ್ಟಿಯಾಯಿತು! ಹಿಂಡಿ ಬೆರೆಸಿ ಸ್ಟೀಲಿನ ಡಬ್ಬಿಗೆ ತುಂಬಿ, ಒದ್ದೆ ಟವೆಲ್ ಸುತ್ತಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ. ಕಲಬುರಗಿಯ ಮೇ ತಿಂಗಳು. ಕೆಟ್ಟೀತೆಂಬ ಭಯಕ್ಕೆ ದಾರಿಯುದ್ದಕ್ಕೂ ಮುಚ್ಚಳ ತೆಗೆದು ನೋಡಿದೆ. ಬಿಸಿಗಾಳಿಯೂ ಇಣುಕಿ ನೋಡಿತು.

ತವರಿನ ಬುತ್ತಿ ಬಂದರೆ ಅದನ್ನು ಓಣಿಗೆಲ್ಲ ಹಂಚುವುದು ನಮ್ಮ ಕಡೆಯ ಪದ್ಧತಿ. ಜೀವಮಾನವಿಡೀ ಕಂಡವರ ಬುತ್ತಿ ತಿಂದ ನನಗೆ ಅದೊಂದು ಮರೆತುಹೋಗಿತ್ತು. ಬಾಗಿಲಲ್ಲೇ ಬೀಗತಿ ಡಬ್ಬಿ ಕಸಿದುಕೊಂಡು ಕೂಗಿದರು: "ಸೊಸಿ ತವರಿಂದ ಬುತ್ತಿ ಬಂದದ, ಬರ್ರೇ!"

ಬಟ್ಟಲು ಹಿಡಿದು ಹೆಂಗಸರು ನೆರೆದರು. ಮುಚ್ಚಳ ತೆರೆಯಿತು. ಮೇಲೆ ಹಳದಿ ಎಣ್ಣೆ, ಕೆಳಗೆ ಬಿಳಿ ಗಂಟು, ನಡುನಡುವೆ ಸಿಡುಬು ಎದ್ದಂತೆ ಕೆಂಪು ಹಿಂಡಿ.

ಬೀಗತಿ ಮರ್ಯಾದೆಯಿಂದಲೇ ಕೇಳಿದರು: "ಮಣಕಾಲಿಗಿ ಹಚ್ಚೂದೇನ್ರಿ, ಬೀಗರ?"

ಪಕ್ಕದ ಮನೆಯ ನಾಗಮ್ಮ ಮೂಸಿ ನೋಡಿದಳು. "ಇದು ಮಯೋನೀಸ್ ಅದ. ನಮ್ಮ ಮೊಮ್ಮಗಳು ತಿಂತಾಳ. ಇದರಾಗ ತತ್ತಿ ಹಾಕ್ತಾರವ್ವಾ!"

ತತ್ತಿ! ಮೊಟ್ಟೆಯ ಹೆಸರೂ ಎತ್ತದ ಲಿಂಗಾಯತರ ಪಡಸಾಲೆಯಲ್ಲಿ! ಬಟ್ಟಲುಗಳು ಸೆರಗಿನೊಳಗೆ ಸೇರಿದವು. ಬೀಗತಿ ಡಬ್ಬಿಯನ್ನು ನೆಲಕ್ಕಿಟ್ಟು ಕೈ ಒರೆಸಿಕೊಂಡರು. ಅಡುಗೆಮನೆಯ ಬಾಗಿಲಲ್ಲಿ ಪಲ್ಲವಿಯ ಮುಖ ಬಿಳಿಚಿಕೊಂಡಿತು. ಅವಳ ಸಂಸಾರವನ್ನು ನೋಡಿಹೋಗಲು ಬಂದವನು ಅದಕ್ಕೆ ಬೆಂಕಿ ಇಡುತ್ತಿದ್ದೆ.

"ತತ್ತಿ ಇಲ್ಲರೀ, ಹಾಲಿಂದು! ಕೊರಳಾಗ ಲಿಂಗ ಕಟ್ಟಿದಂವ ಇದ್ದೀನಿ, ತಿಂದು ತೋರಸ್ತೀನಿ!"

ಒಂದು ಚಮಚ ಸಾಕಿತ್ತು. ಆದರೆ ಒಂದಕ್ಕೆ ನಂಬದಿದ್ದರೆ? ಡಬ್ಬಿ ಪೂರ್ತಿ ತಿಂದೆ!

ಎಲ್ಲರೂ ನಂಬಿದರು. ಹೊಟ್ಟೆಯೊಂದು ನಂಬಲಿಲ್ಲ. ವಾಪಸು ಬಸ್ಸು ಹತ್ತುವ ಮಾತಿರಲಿ, ಚಾಪೆಗೂ ಹಿತ್ತಲಿಗೂ ಮಧ್ಯೆಯೇ ನನ್ನ ಸಂಚಾರ ಶುರುವಾಯಿತು. ಮಲಗಿದಾಗ ಒಳಗಿನಿಂದ ಮಾತು ಕೇಳಿಸಿತು.

"ನಿಮ್ಮಪ್ಪ ಕಡೀ ಚಮಚಾ ನುಂಗೂ ಮುಂದ ಕಣ್ಣು ಹೆಂಗ ಮಾಡಿದ್ರು, ನೋಡಿದಿ?"

"ಸುಮ್ಮಿರ್ರಿ ಅತ್ತಿ, ನಕ್ಕು ನಕ್ಕು ಹೊಟ್ಟಿ ಹಿಡಕೊಂಡದ!"

ಅವಳ ಮದುವೆಯಾದಂದಿನಿಂದ ಮಗಳ ಆ ನಗು ನಮ್ಮ ಮನೆಯಲ್ಲಿ ಕೇಳಿಸಿರಲಿಲ್ಲ.

ಅವಳು ಅಜವಾನದ ನೀರು ತಂದಿಟ್ಟು, ಹಣೆ ಮುಟ್ಟಿ ಹೇಳಿದಳು: "ಸಂಕೋಚ ಮಾಡ್ಕೋಬ್ಯಾಡಪ್ಪಾ. ಇವತ್ತ ನಮ್ಮ ಮನ್ಯಾಗ ಇದ್ದು ಹೋಗು."

ನಮ್ಮ ಮನೆ! ಆ ಮಾತಿಗೆ ನನಗೆ ಗೊತ್ತಿದ್ದುದು ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ನನ್ನ ಮನೆಯ ಒಂದೇ ವಿಳಾಸ. ಕೇಳಲು ಬಂದಿದ್ದಕ್ಕೆ ಕೇಳದೆಯೇ ಉತ್ತರ ಸಿಕ್ಕಿತ್ತು. ಸಂತೋಷವಾಗಬೇಕಿತ್ತು, ಆಯಿತೆಂದೇ ಕಾಣುತ್ತದೆ. ಸರಿಯಾಗಿ ವಿಚಾರಿಸುವಷ್ಟರಲ್ಲಿ ಹೊಟ್ಟೆ ಮತ್ತೆ ನುಲಿಯಿತು. ಕಣ್ಣೊರೆಸಿಕೊಳ್ಳುತ್ತಲೇ, ದಾರಿ ಸರಿಯಾಗಿ ಕಾಣದೆ, ಎದ್ದು ಓಡಿದೆ.

ಹಿಂದಿನಿಂದ ಬೀಗತಿ ಕೂಗಿದರು: "ಅದು ದನದ ಕೊಟ್ಟಿಗಿ ಅದರೀ ಬೀಗರ! ಬಲಕ್ಕ ಹೋಗ್ರಿ, ಬಲಕ್ಕ!"