ಪಿಕಪ್ ವಾಹನದ ಸೈಲೆನ್ಸರ್ ಸದ್ದನ್ನು ಸಿಬ್ಬಂದಿಯು ಬಾಯಿಯಲ್ಲಿ ಮಾಡುವುದನ್ನು ಕೈಬಿಡುವ ಕುರಿತು

ಸಂಚಾರಿ ಜಾನುವಾರು ಚಿಕಿತ್ಸಾ ಘಟಕದ ಕಚೇರಿ, ತುಮಕೂರು
ಕ್ರಮಾಂಕ: ಸಂಜಾಚಿ/ವಾಹನ/ಸದ್ದು/04/2004-05
ದಿನಾಂಕ: 17-01-2005

ಸುತ್ತೋಲೆ

ವಿಷಯ: ಟರ್ಬೋ ಡೀಸೆಲ್ ಪಿಕಪ್ ವಾಹನಕ್ಕೆ ಹೊರಗಿನ ಸೈಲೆನ್ಸರ್ ಅಳವಡಿಸಿದ, ತೆಗೆದ, ಬಾಯಿಯಲ್ಲಿ ಮಾಡಿದ ಹಾಗೂ ಪುನಃ ಅಳವಡಿಸುವ ಬಗ್ಗೆ.

ಉಲ್ಲೇಖ:
1. ಸುತ್ತೋಲೆ ಸದ್ದು/01: ಸೈಲೆನ್ಸರ್ ತೆಗೆಯುವ ಬಗ್ಗೆ.
2. ಸುತ್ತೋಲೆ ಸದ್ದು/02: ತೆಗೆದ ಸೈಲೆನ್ಸರಿನ ಸದ್ದನ್ನು ಬಾಯಿಯಲ್ಲಿ ಮಾಡುವ ಬಗ್ಗೆ.
3. ಸುತ್ತೋಲೆ ಸದ್ದು/03: ಗಂಟಲು ನೋವಿನ ಬಗ್ಗೆ.
4. ಸಿ.ಎಸ್. ಪುರದ ಶ್ರೀಮತಿ ರಂಗಲಕ್ಷ್ಮಮ್ಮನವರ ಮೌಖಿಕ ದೂರು (ಮೂರು ಸಲ, ಮೂರನೇ ಸಲ ಗಟ್ಟಿಯಾಗಿ).

ಪ್ರಸ್ತಾವನೆ:

ಈ ಘಟಕದ ಏಕೈಕ ಪಿಕಪ್ ವಾಹನವನ್ನು ಶ್ರೀ ಬಾಬಾ ಜಾನ್ ಎಂಬ ಚಾಲಕರು ಓಡಿಸುತ್ತಿದ್ದು, ಸದರಿಯವರು ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಒಂದು ಕೋಳಿಗೂ ಗಾಡಿ ತಾಗಿಸಿದವರಲ್ಲ. ವೈದ್ಯರನ್ನೂ ಔಷಧಿ ಪೆಟ್ಟಿಗೆಯನ್ನೂ ಹೊತ್ತು ಗುಬ್ಬಿ ತಾಲ್ಲೂಕಿನ ಹಳ್ಳಿಗಳಿಗೆ ವಾರಕ್ಕೊಮ್ಮೆ ಹೋಗುವುದು ಸದರಿ ವಾಹನದ ಕೆಲಸ. ಹಾಗಲವಾಡಿ ರಸ್ತೆಯ ಉಬ್ಬಿನ ಮೇಲೆ ವಾಹನದ ಮೂಲ ಸೈಲೆನ್ಸರ್ ಕಳಚಿ ಬಿದ್ದಿತು. ಹೊಸದಕ್ಕೆ ಬೇಡಿಕೆ ಸಲ್ಲಿಸಲಾಯಿತು. ಮೇಲಿನ ಕಚೇರಿಯು ಬಿದ್ದ ಸೈಲೆನ್ಸರಿನ ಫೋಟೋ ಹಾಗೂ ಸದರಿ ಉಬ್ಬಿನ ದೃಢೀಕೃತ ನಕಲು ಕೇಳಿತು. ಉಬ್ಬಿನ ನಕಲು ತೆಗೆಯುವುದು ಹೇಗೆಂದು ಈ ಕಚೇರಿಗೆ ತಿಳಿಯದೆ, ಬಿದ್ದ ಸೈಲೆನ್ಸರನ್ನೇ ತಂತಿಯಲ್ಲಿ ಕಟ್ಟಿಕೊಂಡು ಹದಿನಾಲ್ಕು ತಿಂಗಳು ಕಳೆದವು.

ಕಾದು ಕಾದು ಸಾಕಾದ ಬಾಬಾ ಜಾನ್ ಅವರು ವಾಹನವನ್ನು ಗುಬ್ಬಿಯ ಮುಜೀಬ್ ಎಂಬ ವೆಲ್ಡಿಂಗ್ ಶೆಡ್ ಮಾಲೀಕರ ಬಳಿ ಒಯ್ದರು. ಮುಜೀಬ್ ಅವರು ಸದರಿಯವರ ಹೆಂಡತಿಯ ಅಕ್ಕನ ಮಗ, ಸದರಿಯವರನ್ನು 'ಖಾಲೂ' ಎಂದು ಕರೆಯುವವರು. ತನಿಖೆಯಲ್ಲಿ ಅವರು ನೀಡಿದ ಹೇಳಿಕೆ ಯಥಾವತ್ತಾಗಿ ಹೀಗಿದೆ: "ನಾನೇ ಖಾಲೂಗೆ ಹೇಳ್ದೆ ಸಾರ್, ಟರ್ಬೋ ಗಾಡಿ ಅಂದ್ರೆ ಓಡೋ ಮನ್ಸ ಇದ್ದಂಗೆ, ಮೂಗು ಕಟ್ಟುದ್ರೆ ಹೆಂಗ್ ಓಡ್ತದೆ ಅಂತ. ಎರಡೂವರೆ ಇಂಚಿನ ಪೈಪ್ ಹಾಕ್ದೆ. ಗಾಡಿ ಈಗ ಉಸಿರಾಡ್ತದೆ." ಗಾಡಿ ಉಸಿರಾಡಿದ್ದು ಮೂರು ಊರಿಗೆ ಕೇಳಿಸಿತು.

ಈ ಸದ್ದಿನಿಂದ ಯಾರೂ ನಿರೀಕ್ಷಿಸದ ಪರಿಣಾಮವಾಯಿತು. ಗಾಡಿ ಕೆರೆ ಏರಿ ಹತ್ತುತ್ತಿದ್ದಂತೆ ಸಿ.ಎಸ್. ಪುರದ ಜನ ಹಸು, ಎಮ್ಮೆ, ಮೇಕೆ ಹಿಡಿದು ಅರಳಿಕಟ್ಟೆಗೆ ಬಂದು ನಿಲ್ಲತೊಡಗಿದರು. ಮೊದಲು ವಾರಕ್ಕೆ ಹನ್ನೊಂದು ಜಾನುವಾರು ಬರುತ್ತಿದ್ದ ಕಡೆ ಅರವತ್ತನಾಲ್ಕು ಬಂದವು. ಅವುಗಳಲ್ಲಿ ಕೆಲವು ಮಾಲೀಕರಿಲ್ಲದೆ ತಾವೇ ಬಂದಿದ್ದವು.

ಹೀಗಿರುವಾಗ, ಕುಣಿಗಲ್ ಪ್ರವಾಸಿ ಮಂದಿರದಲ್ಲಿ ಈ ಸುತ್ತೋಲೆಯ ಸಹಿದಾರರು ಟೀಯನ್ನು ಬಶಿಗೆ ಬಗ್ಗಿಸಿಕೊಂಡು ಆರಿಸುತ್ತಿದ್ದಾಗ, ಅವರನ್ನು ಕರೆದೊಯ್ಯಲು ಸದರಿ ವಾಹನವು ಕಿಟಕಿಯ ಪಕ್ಕ ಬಂದು ನಿಂತಿತು. ಟೀಯು ಬಶಿಯನ್ನು ತ್ಯಜಿಸಿ ಸಹಿದಾರರ ಹೊಸ ಬಿಳಿ ಶರ್ಟಿನ ಮೇಲೆ ಹಾಜರಾಯಿತು. ಅದೇ ಸಂಜೆ ಉಲ್ಲೇಖ-1ರ ಸುತ್ತೋಲೆ ಹೊರಬಿದ್ದಿತು. ಸೈಲೆನ್ಸರ್ ತೆಗೆಸಲಾಯಿತು, ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದೆ ಉಗ್ರಾಣದ ಮೂಲೆಯಲ್ಲಿದ್ದ ಒಂದು ಮೆತ್ತನೆಯ ಸೈಲೆನ್ಸರ್ ಹಾಕಿಸಲಾಯಿತು, ಮತ್ತು ಬಾಬಾ ಜಾನ್ ಅವರನ್ನು ಸ್ಟೇರಿಂಗಿನಿಂದ ಇಳಿಸಿ ಕಡತ ಹೊಲಿಯಲು ಕೂರಿಸಲಾಯಿತು. ಸದರಿಯವರು ಮೇ 31ಕ್ಕೆ ನಿವೃತ್ತರಾಗುವವರಿದ್ದು, ಅಲ್ಲಿಯವರೆಗೂ ಕೈಯಲ್ಲಿ ದಬ್ಬಳವೇ ಗತಿ ಎಂದು ಆದೇಶಿಸಲಾಗಿತ್ತು.

ಸದರಿಯವರು ದಬ್ಬಳ ಹಿಡಿದು ಕೂತರು. ಆದರೆ ಊಟದ ಡಬ್ಬಿ ದಿನವೂ ಅರ್ಧ ವಾಪಸ್ ಬರುತ್ತಿದೆಯೆಂದು ಅವರ ಪತ್ನಿ ಬೀಬಿಜಾನ್ ಅವರು ಕಚೇರಿಯ ಗೇಟಿನವರೆಗೆ ಬಂದು ತಿಳಿಸಿದ್ದಾರೆ: "ರಾತ್ರಿ ಮಲಗಿದ್ರೂ ಕಾಲಲ್ಲಿ ಕ್ಲಚ್ ತುಳೀತಾರೆ ಸಾರ್. ಗಾಡಿ ಕೊಟ್ಬಿಡಿ, ಇಲ್ಲಾಂದ್ರೆ ನನ್ಗೊಂದ್ ಬೇರೆ ಮಂಚ ಕೊಡಿ." ಮಂಚ ಕೊಡಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ.

ಮೇಲಿನ ಎಲ್ಲ ಅಂಶಗಳನ್ನು, ಇಷ್ಟವಿಲ್ಲದಿದ್ದರೂ, ಪರಿಶೀಲಿಸಿ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಮೆತ್ತನೆಯ ಸೈಲೆನ್ಸರ್ ಹಾಕಿದ ವಾಹನವು ಬದಲಿ ಚಾಲಕರೊಂದಿಗೆ ಸಿ.ಎಸ್. ಪುರಕ್ಕೆ ಹೋಗಿ ಅರಳಿಕಟ್ಟೆಯ ಕೆಳಗೆ ಒಂದೂವರೆ ಗಂಟೆ ನಿಂತಾಗ ಒಂದೇ ಒಂದು ಹಸು ಬಂದಿದ್ದು, ಅದೂ ಬೇರೆ ಕೆಲಸದ ಮೇಲೆ ಬಂದಿತ್ತು ಎಂಬುದನ್ನು ಎಲ್ಲರೂ ಗಮನಕ್ಕೆ ತಂದುಕೊಳ್ಳತಕ್ಕದ್ದು.

2. ಈ ಕೊರತೆ ನೀಗಿಸಲು ಉಲ್ಲೇಖ-2ರಂತೆ ಸಹಾಯಕ ಚಿಕ್ಕಹನುಮಯ್ಯನವರು ವಾಹನದ ಹಿಂಭಾಗದಲ್ಲಿ ನಿಂತು "ಗುಡುಗುಡು" ಎಂದು ಬಾಯಿಯಲ್ಲಿ ಸದ್ದು ಮಾಡತಕ್ಕದ್ದು ಎಂದಿತ್ತು. ಎಂಜಿನ್ನಿನ ಗುಡುಗುಡು ಹಾಗೂ ಟರ್ಬೋದ ಸಿಳ್ಳೆ ಎರಡನ್ನೂ ಒಬ್ಬರೇ ಏಕಕಾಲಕ್ಕೆ ಮಾಡಲಾಗದ ಕಾರಣ, ಮುಂದಿನ ಎರಡು ಹಲ್ಲುಗಳಿಲ್ಲದ ಇನ್ನೊಬ್ಬ ಸಹಾಯಕ ದ್ಯಾವಪ್ಪನವರನ್ನು ಟರ್ಬೋ ಹುದ್ದೆಗೆ ಅರ್ಹರೆಂದು ಪರಿಗಣಿಸಲಾಗಿತ್ತು. ಇಬ್ಬರಿಗೂ ತರಬೇತಿ ನೀಡಿದವರು ಬಾಬಾ ಜಾನ್ ಅವರೇ. ಕಡತ ಹೊಲಿಯುತ್ತಲೇ "ಮೂರನೇ ಗೇರಲ್ಲಿ ಹಿಂಗಲ್ಲ ಕಣಪ್ಪ, ಹೊಟ್ಟೆಯಿಂದ ಬರ್ಬೇಕು" ಎಂದು ತಿದ್ದುತ್ತಿದ್ದ ಆ ಎರಡು ದಿನ ಮಾತ್ರ ಡಬ್ಬಿ ಖಾಲಿಯಾಗಿ ಮನೆಗೆ ಹೋಗಿದೆ.

3. ಹಾಗಲವಾಡಿಯಲ್ಲಿ ಚಿಕ್ಕಹನುಮಯ್ಯನವರ ಸದ್ದು ಕೇಳಿ ಊರ ಜನ ಬಿಸಿನೀರು, ಹಗ್ಗ ಹಿಡಿದು ಓಡಿ ಬಂದರು. ಅಲ್ಲಿನ ರೈತರೊಬ್ಬರ ಹೇಳಿಕೆ: "ಯಾವ್ದೋ ಎಮ್ಮೆ ಕರು ಹಾಕಕ್ಕಾಗ್ದೆ ಒದ್ದಾಡ್ತಾವ್ಳೆ ಅಂತ ಬಂದ್ವಿ. ನೋಡುದ್ರೆ ಗೌರ್ಮೆಂಟ್ ಮನ್ಸ." ಸದರಿ ಮನುಷ್ಯರ ಗಂಟಲು ಎರಡನೇ ತಿರುವಿನಲ್ಲೇ ಕೂತಿದ್ದರಿಂದ ಅವರು ತಾವು ಯಾರೆಂದು ವಿವರಿಸಲೂ ಆಗಲಿಲ್ಲ.

4. ಆದ್ದರಿಂದ ಬಾಯಿಯಲ್ಲಿ ಸದ್ದು ಮಾಡುವ ವ್ಯವಸ್ಥೆಯನ್ನು ಈ ಕೂಡಲೇ ಕೈಬಿಡಲಾಗಿದೆ. ಚಿಕ್ಕಹನುಮಯ್ಯನವರು ಅಭ್ಯಾಸಬಲದಿಂದ ಕಚೇರಿಯ ಮೆಟ್ಟಿಲು ಹತ್ತುವಾಗಲೂ ಗುಡುಗುಡು ಎನ್ನುತ್ತಿದ್ದು, ಈ ತಿಂಗಳ ಕೊನೆಯವರೆಗೆ ಇದನ್ನು ಸಹಿಸಿಕೊಳ್ಳಲಾಗುವುದು. ಅವರು ತಿರುವಿನಲ್ಲಿ ಎದುರಾದರೆ ಸಿಬ್ಬಂದಿಯು ಎಡಕ್ಕೆ ಸರಿಯತಕ್ಕದ್ದು.

5. ದ್ಯಾವಪ್ಪನವರು ಹಲ್ಲು ಕಟ್ಟಿಸಿಕೊಳ್ಳಬಾರದೆಂದು ವಿಧಿಸಿದ್ದ ತಡೆಯನ್ನು ತೆರವುಗೊಳಿಸಲಾಗಿದೆ.

6. ಉಗ್ರಾಣದ ಗುಮಾಸ್ತ ಕನಕರಾಜು ಅವರು ಬಾಬಾ ಜಾನ್ ವಿರುದ್ಧದ ಕಡತಕ್ಕೆ ಟಿಪ್ಪಣಿ ಬರೆದಿದ್ದಾರೆ. ಟಿಪ್ಪಣಿಯ ಪ್ರಕಾರ ಮುಜೀಬರ ಸೈಲೆನ್ಸರ್ ಅಳವಡಿಸಿದ್ದಕ್ಕೆ ಯಾವ ವಹಿಯಲ್ಲೂ ದಾಖಲೆ ಇಲ್ಲ, ಉಗ್ರಾಣದ ಮೆತ್ತನೆಯದಕ್ಕೂ ಇಲ್ಲ. ಅಳವಡಿಸಿಲ್ಲದ ಸೈಲೆನ್ಸರನ್ನು ಅಳವಡಿಸಿದರೆಂದು ಚಾಲಕರನ್ನು ಸ್ಟೇರಿಂಗಿನಿಂದ ಇಳಿಸಲು ಬರುವುದಿಲ್ಲ. ಆದರೆ ಅದನ್ನು ತೆಗೆದದ್ದಕ್ಕೆ ಸಹಿದಾರರದೇ ಆದೇಶವಿದೆ. ಹಾಕಿದ್ದು ಸೊನ್ನೆ, ತೆಗೆದದ್ದು ಒಂದು. ಹೀಗಾಗಿ ವಾಹನದಲ್ಲಿ ಈಗ ಮೈನಸ್ ಒಂದು ಸೈಲೆನ್ಸರ್ ಇದ್ದು, ಮುಂದಿನ ತಪಾಸಣೆಯಲ್ಲಿ ಅದನ್ನು ಹಾಜರುಪಡಿಸಿ ತೋರಿಸಬೇಕಾದೀತು. ಕನಕರಾಜು ಅವರ ಕೊನೆಯ ಸಾಲು: "ಒಂದ್ಸಲ ಹಾಕ್ಸಿಬಿಟ್ರೆ ಸರಿಹೋಗ್ತದೆ ಸಾರ್." ಟಿಪ್ಪಣಿಯಲ್ಲಿ ಆಡುಮಾತು ಬಳಸಿದ್ದಕ್ಕೆ ಅವರಿಗೆ ಎಚ್ಚರಿಕೆ ನೀಡಲಾಗಿದೆ, ಮತ್ತು ಅವರ ಮಾತನ್ನು ಒಪ್ಪಲಾಗಿದೆ.

7. ಅದರಂತೆ ಮುಜೀಬರ ಸೈಲೆನ್ಸರನ್ನು ಅದೇ ಶೆಡ್ಡಿನಲ್ಲಿ, ಅದೇ ಕೈಗಳಿಂದ, ಅದೇ ಕ್ಲಾಂಪುಗಳೊಂದಿಗೆ ಪುನಃ ಅಳವಡಿಸತಕ್ಕದ್ದು. ಅಳವಡಿಸುವಾಗ ಕನಕರಾಜು ಅವರು ವಾಹನದ ಕೆಳಗೆ ಮಲಗಿ ಕಣ್ಣಾರೆ ನೋಡಿ ವಹಿಯಲ್ಲಿ ಬರೆಯತಕ್ಕದ್ದು. ಅದನ್ನು ಮತ್ತೆ ತೆಗೆಯಬೇಕೆಂದಿದ್ದಲ್ಲಿ ನಮೂನೆ-9ರಲ್ಲಿ ಅರ್ಜಿ ಸಲ್ಲಿಸಬೇಕು. ನಮೂನೆ-9 ಇನ್ನೂ ಮುದ್ರಣವಾಗಿಲ್ಲ. ಮುದ್ರಿಸುವ ಆತುರವೂ ಇಲಾಖೆಗಿಲ್ಲ.

8. ಸದ್ದು ಅಳೆಯುವ ಯಂತ್ರ ಈ ಕಚೇರಿಯಲ್ಲಿ ಇಲ್ಲದ್ದರಿಂದ, ಗಾಡಿ ಕೆರೆ ಏರಿ ಮೇಲಿರುವಾಗ ಶ್ರೀಮತಿ ರಂಗಲಕ್ಷ್ಮಮ್ಮನವರಿಗೆ ಒಲೆ ಮುಂದೆ ಕುಳಿತಲ್ಲಿಗೆ ಕೇಳಿಸಿದರೆ ಸದ್ದು ಸರಿಯಿದೆ ಎಂದು ತಿಳಿಯತಕ್ಕದ್ದು. ಒಗ್ಗರಣೆ ಹಾಕುವ ಸಮಯವನ್ನು ಇದಕ್ಕೆ ಪರಿಗಣಿಸತಕ್ಕದ್ದಲ್ಲ.

9. ಸದರಿ ರಂಗಲಕ್ಷ್ಮಮ್ಮನವರ ಗೌರಿ ಎಂಬ ಹಸುವಿಗೆ ಕೆಚ್ಚಲು ಬಾವು ಬಂದ ವಾರ ವಾಹನವು ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗಿದ್ದು, ಅವರು ಹಸುವನ್ನು ಟೆಂಪೋ ಹತ್ತಿಸಿ ಗುಬ್ಬಿಗೆ ಒಯ್ಯಬೇಕಾಯಿತು. ಹಸು ಈಗ ಕ್ಷೇಮ. ಮಾಲೀಕರು ಕ್ಷೇಮವಾಗಿಲ್ಲ. ಅವರ ದೂರಿನ ಪಾಠ: "ಸದ್ದಿಲ್ದೆ ಬಂದೋನ್ನ ಕಳ್ಳ ಅಂದ್ಕೋಬೇಕಾ, ಡಾಕ್ಟ್ರು ಅಂದ್ಕೋಬೇಕಾ? ಆ ಸಾಬಣ್ಣನ ಗಾಡಿ ಸದ್ದು ನನ್ ಕಿವೀಗ್ ಬೀಳೋಗಂಟ ಲಕ್ಷ್ಮೀನರಸಿಂಹ ಈ ಹೊಸ್ಲು ತುಳೀಬಾರ್ದು. ಸಂಕ್ರಾಂತಿ ಆದ್ರೂ ಅಷ್ಟೇ, ಯುಗಾದಿ ಆದ್ರೂ ಅಷ್ಟೇ." ಲಕ್ಷ್ಮೀನರಸಿಂಹ ಎಂದರೆ ಈ ಸುತ್ತೋಲೆಯ ಸಹಿದಾರರು. ದೂರುದಾರರು ಸಹಿದಾರರ ತಾಯಿಯವರು. ಈ ಸಂಬಂಧವು ಮೇಲಿನ ನಿರ್ಧಾರಗಳ ಮೇಲೆ ಯಾವುದೇ ಪ್ರಭಾವ ಬೀರಿಲ್ಲವೆಂದು ಸ್ಪಷ್ಟಪಡಿಸಲಾಗಿದೆ. ಮೊನ್ನೆಯ ಸಂಕ್ರಾಂತಿಯಂದು ಸಹಿದಾರರು ಎಳ್ಳು ಬೆಲ್ಲವನ್ನು ಹೋಟೆಲಿನಲ್ಲಿ ಒಬ್ಬರೇ ಕೂತು ತಿಂದದ್ದು ಕೂಡ ಕೇವಲ ಕಾಕತಾಳೀಯ.

10. ಕುಣಿಗಲ್‌ನಲ್ಲಿ ಸಹಿದಾರರು ಟೀಯನ್ನು ಬಶಿಗೆ ಬಗ್ಗಿಸುವ ಮುನ್ನ ವಾಹನ ಎಲ್ಲಿದೆ ಎಂದು ವಿಚಾರಿಸಿಕೊಳ್ಳುವುದು ಇನ್ನು ಮುಂದೆ ಸಹಿದಾರರದೇ ಜವಾಬ್ದಾರಿ. ಸದ್ದಿನ ಬಗ್ಗೆ ಕುಣಿಗಲ್‌ನ ಕುದುರೆ ಫಾರಂನ ಕುದುರೆಗಳಿಂದ ಇದುವರೆಗೆ ಲಿಖಿತ ದೂರು ಬಂದಿರುವುದಿಲ್ಲ.

11. ಬಾಬಾ ಜಾನ್ ಅವರು ದಬ್ಬಳವನ್ನೂ ಉಳಿದ ದಾರದ ಉಂಡೆಯನ್ನೂ ಇಂದೇ ಒಪ್ಪಿಸಿ, ವಾಹನದ ಕೀಲಿ ಪಡೆದು, ಮೇ 31ರ ಸಂಜೆಯವರೆಗೆ ತಾವೇ ಓಡಿಸತಕ್ಕದ್ದು. ಬೇಸರದಲ್ಲಿ ಅವರು ಮೂರು ಕಡತಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದಿರುವುದು ಕಂಡುಬಂದಿದೆ. ಬಿಚ್ಚುವುದು ಬೇಡ, ಮೂರರಲ್ಲೂ ಇರುವ ವಿಷಯ ಒಂದೇ. ಕೀಲಿ ಕೈಗೆ ಸಿಕ್ಕಾಗ ಸದರಿಯವರ ಕಣ್ಣಲ್ಲಿ ನೀರು ಬಂದಲ್ಲಿ ಸಿಬ್ಬಂದಿಯು ಕಿಟಕಿಯ ಹೊರಗೆ ನೋಡತಕ್ಕದ್ದು.

ಮೇಲ್ಕಂಡ ಸೂಚನೆಗಳನ್ನು ಎಲ್ಲರೂ ಪಾಲಿಸಿ, ಪಾಲಿಸಿದ ಬಗ್ಗೆ ಯಾರೂ ವರದಿ ಕಳಿಸದಿದ್ದರೆ ಉಪಕಾರವಾಗುತ್ತದೆ.

ಸಹಿ/-
(ಲಕ್ಷ್ಮೀನರಸಿಂಹಯ್ಯ)
ಸಹಾಯಕ ನಿರ್ದೇಶಕರು
ಸಂಚಾರಿ ಜಾನುವಾರು ಚಿಕಿತ್ಸಾ ಘಟಕ, ತುಮಕೂರು

ಪ್ರತಿಗಳು:
1. ಶ್ರೀ ಮುಜೀಬ್, ವೆಲ್ಡಿಂಗ್ ಶೆಡ್, ಗುಬ್ಬಿ: ಅಗತ್ಯ ಕ್ರಮಕ್ಕಾಗಿ. ಈ ಬಾರಿ ಸದ್ದು ಕಡಿಮೆ ಮಾಡಿಕೊಡುತ್ತೇನೆಂದು ಉಪಕಾರ ಮಾಡಲು ಹೋಗಬಾರದು.
2. ಶ್ರೀ ಕನಕರಾಜು, ಉಗ್ರಾಣ: ವಾಹನದ ಕೆಳಗೆ ಮಲಗಲು ಹಳೆಯ ಗೋಣಿಚೀಲವೊಂದನ್ನು ಲಗತ್ತಿಸಿದೆ.
3. ಶ್ರೀ ಚಿಕ್ಕಹನುಮಯ್ಯ: ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಲು.
4. ಶ್ರೀ ದ್ಯಾವಪ್ಪ: ಹಲ್ಲಿನ ಅಳತೆ ಕೊಟ್ಟುಬರಲು ಅರ್ಧ ದಿನದ ರಜೆ ಮಂಜೂರಾತಿಯೊಂದಿಗೆ.
5. ಶ್ರೀಮತಿ ಬೀಬಿಜಾನ್: ಮಂಚದ ಬೇಡಿಕೆಯನ್ನು ಮುಕ್ತಾಯಗೊಳಿಸಲಾಗಿದೆ ಎಂಬ ಮಾಹಿತಿಗಾಗಿ.
6. ಕಚೇರಿ ಕಡತಕ್ಕೆ (ಹೊಲಿಯದೆ).
7. ಶ್ರೀ ಬಾಬಾ ಜಾನ್, ಚಾಲಕರು: ಬರುವ ಭಾನುವಾರ, ಗೌರಿಯ ಕೆಚ್ಚಲು ಮರುತಪಾಸಣೆ ನಿಮಿತ್ತ, ಸಹಿದಾರರನ್ನು ಸಿ.ಎಸ್. ಪುರಕ್ಕೆ ಕರೆದೊಯ್ಯಲು. ಕೆರೆ ಏರಿ ಮೇಲೆ ಮೂರನೇ ಗೇರಿನಲ್ಲಿ ಹೋಗತಕ್ಕದ್ದು. ಮನೆ ಮುಂದೆ ನಿಲ್ಲಿಸಿದ ಮೇಲೆ, ಅಮ್ಮ ಬಾಗಿಲು ತೆಗೆಯುವವರೆಗೆ ಎಂಜಿನ್ ಆರಿಸಕೂಡದು.