ಮುಳುಗಿದ ಹರಿಗೋಲುಗಳ ಪಂಡಿತ

ನನ್ನ ಸೋದರಮಾವ ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿದವನಲ್ಲ. ಆದರೂ ಕೃಷ್ಣೆಯಲ್ಲಿ ಮುಳುಗಿದ ಹರಿಗೋಲುಗಳ ಇತಿಹಾಸದಲ್ಲಿ ಅವನನ್ನು ಮೀರಿಸುವ ಪಂಡಿತ ಲಿಂಗಸೂಗೂರು ತಾಲೂಕಿನಲ್ಲಿ ಹುಟ್ಟಿಲ್ಲ! ಮಸ್ಕಿ ಕಡೆಯ ಎರೆಹೊಲದ ಮನುಷ್ಯ. ನನ್ನ ಅಪ್ಪ ಹರಿಗೋಲು ಮಗುಚಿ ಹೊಳೆಯ ಪಾಲಾದ ಮೇಲೆ, ತನ್ನ ಅಕ್ಕನ ಒಕ್ಕಲುತನ ನೋಡಿಕೊಳ್ಳಲು ನಮ್ಮೂರಿಗೆ ಬಂದ. ಒಕ್ಕಲುತನವನ್ನು ಎತ್ತುಗಳಿಗೆ ಬಿಟ್ಟು, ತಾನು ಹೊಳೆದಂಡೆಯಲ್ಲಿ ಕೂತು ಸಿಟ್ಟು ಮಾಡಿದ. ಅದೊಂದೇ ಕೆಲಸ!

ನಮ್ಮ ದಂಡೆಗೆ ಒಂದು ಕಟ್ಟಳೆಯಿದೆ. ನೀರಿನ ಹತ್ತಿರ ‘ಮುಳುಗು’ ಎನ್ನಬಾರದು, ಮುಳುಗಿದವರ ಹೆಸರೆತ್ತಬಾರದು. ಹೊಳೆತಾಯಿ ಗಂಗವ್ವ ಕೇಳಿಸಿಕೊಂಡು ಮತ್ತೊಬ್ಬರನ್ನು ಕರೆಯುತ್ತಾಳಂತೆ! ಯಾರೂ ಹೇಳದ ಮೇಲೆ ಯಾರು ಕಲಿತಾರು? ಹೊಳೆ ಬಂದಾಗಲೆಲ್ಲ ಹತ್ತು ಜನರ ಹರಿಗೋಲಿಗೆ ಇಪ್ಪತ್ತು ಜನ, ಮೇಲೆರಡು ಆಡು. ಮ್ಯಾಟ್ರಿಕ್ ಮುಗಿಸಿದ್ದ ನನಗೆ ಈ ಕಟ್ಟಳೆ ನಗೆಪಾಟಲು. ಮಾವನಿಗೆ ಮೈಯೆಲ್ಲ ಉರಿ.

"ಮುಳುಗಿದ್ದು ಹೇಳಬ್ಯಾಡ ಅಂತೀರಿ, ಮುಳುಗೋದು ಬಿಡಂಗಿಲ್ಲ! ಕೇಳ್ರಿ. ಕಂದಾಯ ನೋಡೋ ನಿಜಾಮನ ಗಿರದಾವರ ಸಾಹೇಬ ಕುದುರಿ ಸಮೇತ ಹತ್ತಿದ. ನಡುಹೊಳಿಯಾಗ ಕುದುರಿ ಬೆದರಿತು. ಹರಗೋಲ ಮಗುಚಿತು. ಕುದುರಿ ಈಜಿ ದಂಡಿಗೆ ಬಂತು. ಸಾಹೇಬ ನೀರಿಗೆ ಹುಕುಂ ಮಾಡಿಕೋತ ತಳಕ್ಕ ಹೋದ!"

ಪೊಲೀಸ್ ಆಕ್ಷನ್ ಆಗಿ ನಿಜಾಮನ ಆಡಳಿತ ಹೋಯಿತು. ಮಾವ ಸೇತುವೆ ಕೇಳಲು ಕಚೇರಿಗೆ ಹೋದ. ಹೊಸ ಸಾಹೇಬರು, "ನೋಡೋಣ," ಎಂದರು.

"ಹಳೇ ಸಾಹೇಬನೂ ‘ದೇಖೇಂಗೆ’ ಅಂತಿದ್ದ. ಈಗ ಅದನ್ನ ಕನ್ನಡದಾಗ ಅಂತಾರ. ಇದೇನಲೇ ಸ್ವಾತಂತ್ರ್ಯ?" ಎಂದು ದಂಡೆಗೆ ಬಂದು ನನ್ನನ್ನು ಬೈದ. ಕಚೇರಿ ನಾನು ನಡೆಸುತ್ತಿದ್ದೆನೇ?

ಆದರೆ ನನಗೆ ಅವನ ಮೇಲೆ ನಿಜವಾಗಿ ಸಿಟ್ಟು ಬಂದದ್ದು ಗುಲ್ಬರ್ಗಾದ ಕಾಲೇಜಿಗೆ ಹೊರಟ ದಿನ. ಬಸ್ಸು ಆಚೆ ದಡದಿಂದ. ಮರುದಿನ ಪ್ರವೇಶಕ್ಕೆ ಕಡೆಯ ದಿನ. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಟ್ರಂಕು ಇಟ್ಟು ಹರಿಗೋಲಿನಲ್ಲಿ ಕೂತೆನೋ ಇಲ್ಲವೋ, ಮಾವ ಎದ್ದು ನಿಂತ.

"ಇದೇ ನೀರಾಗ ದಿಬ್ಬಣದ ಹರಗೋಲ ಮುಳುಗಿತ್ರೆವ್ವಾ! ಮದುಮಗ ಸಿಗಲಿಲ್ಲ, ಬಾಸಿಂಗ ಸಿಕ್ಕಿತು!"

ಹೆಂಗಸರು ಚೀರಿ ಇಳಿದರು. ಗಂಡಸರು ಅವರ ನೆಪದಲ್ಲಿ ಇಳಿದರು. ಅಂಬಿಗ ಹುಟ್ಟು ಬಿಸಾಕಿ, "ಇವತ್ತು ನಾ ಹರಗೋಲ ಹಾಕಂಗಿಲ್ಲ," ಎಂದ. ಮರುದಿನ ಅದೇ ಹರಿಗೋಲು, ಅಷ್ಟೇ ಜನ, ಸುಖವಾಗಿ ಆಚೆ ಮುಟ್ಟಿತು! ನಾನು ಗುಲ್ಬರ್ಗಾ ಸೇರುವಷ್ಟರಲ್ಲಿ ಕಾಲೇಜಿನ ಬಾಗಿಲು ಮುಚ್ಚಿತ್ತು. ನಮ್ಮ ವಂಶದಲ್ಲಿ ಸಹಿ ಮಾಡಲು ಬರುತ್ತಿದ್ದವನು ನಾನೊಬ್ಬನೇ, ನನಗೇ ಹೀಗೆ!

"ಮಾವಾ, ನನ್ನ ಒಂದು ವರ್ಷ ನೀರಾಗ ಹಾಕಿದಿ!" ಎಂದು ಊರು ಕೇಳುವಂತೆ ಕೂಗಿದೆ.

"ವರ್ಷ ಮತ್ತ ಬರ್ತೈತಿ. ನೀ ಬರ್ತೀಯೇನಲೇ?"

ಅವನ ಇತಿಹಾಸದಲ್ಲಿ ಅಪ್ಪನ ಹರಿಗೋಲು ಒಂದನ್ನು ಮಾತ್ರ ನನ್ನೆದುರು ಅವನು ಎಂದೂ ಹೇಳಿರಲಿಲ್ಲ. ಆದರೂ ಒಂದು ವರ್ಷ ಅವನೊಡನೆ ಮಾತು ಬಿಟ್ಟೆ.

ಮುಂದಿನ ವರ್ಷವೂ ಹೊಳೆ ತುಂಬಿತ್ತು. ಅಂಬಿಗ ಖಡಾಖಂಡಿತ ಹೇಳಿದ: "ತಮ್ಮಾ, ನಿಮ್ಮ ಮಾವ ದಂಡಿ ಮ್ಯಾಲ ಇದ್ರ ನಾ ಹುಟ್ಟು ಮುಟ್ಟಂಗಿಲ್ಲ."

"ದಂಡಿ ಮ್ಯಾಲ ಇರಂಗಿಲ್ಲ ತಗೋ!" ಎಂದ ಮಾವ ಧೋತರ ಎತ್ತಿಕಟ್ಟಿ ಹರಿಗೋಲು ಹತ್ತಿಬಿಟ್ಟ.

ನಾನು ಬೆಪ್ಪಾದೆ. ಈಜುವವರು ಸೊಂಟಕ್ಕೆ ಕಟ್ಟಿಕೊಳ್ಳುವ ಒಣ ಸೋರೆಬುರುಡೆ ಎರಡು ತಂದಿದ್ದ. ಎರಡನ್ನೂ ನನಗೇ ಬಿಗಿದ. ಹೆಂಗಸರು ಕಿಸಕ್ಕೆಂದರು. "ಇವನೇನು ಕಾಲೇಜಿಗೆ ಹೊಂಟಾನೋ, ಬುರುಡಿ ಮಾರಾಕ ಹೊಂಟಾನೋ?"

ನಡುಹೊಳೆಯ ಸುಳಿಯಲ್ಲಿ ಹರಿಗೋಲು ಗರಗರ ತಿರುಗಿತು. ಮಾವನ ಬಾಯಿಂದ ಒಂದೇ ಒಂದು ಮಾತಿಲ್ಲ. ಕಣ್ಣು ಮುಚ್ಚಿ ನನ್ನ ರಟ್ಟೆ ಹಿಡಿದಿದ್ದ.

ಆಚೆ ದಡದಲ್ಲಿ ಬುರುಡೆ ಬಿಚ್ಚಿ, "ನಿನಗ ತಿರುಗಿ ಹೋಗಾಕ ಬೇಕಲ್ಲೋ ಮಾವಾ," ಎಂದೆ. ವರ್ಷದ ಮೇಲೆ ಆಡಿದ ಮೊದಲ ಮಾತು.

"ಇಟ್ಕೋಲೇ! ರಜಾಕ್ಕ ನಿನಗ ಬರೂದೈತಿ," ಎಂದು ಗದರಿಸಿ, ತಿರುಗಿ ನೋಡದೆ ಹತ್ತಿ ಕೂತ.

ಹರಿಗೋಲು ತಿರುಗುತ್ತ ತಿರುಗುತ್ತ ಸಣ್ಣದಾಯಿತು. ಎರಡು ಕೈಯಲ್ಲೂ ಅಂಚು ಹಿಡಿದು ಮುದುಡಿ ಕೂತ ಆ ಮನುಷ್ಯ ಅತ್ತ ದಂಡೆ ಮುಟ್ಟುವವರೆಗೆ ನಾನು ಬಸ್ಸಿನತ್ತ ಹೋಗಲಿಲ್ಲ. ನೀರಿನ ಹತ್ತಿರ ಎನ್ನಬಾರದ ಆ ಒಂದು ಶಬ್ದ ನನ್ನ ಮನಸ್ಸಿನಲ್ಲಿ ಏಳುತ್ತಲೇ ಇತ್ತು. ಬಾಯಿಗೆ ಬರದಂತೆ ಹಲ್ಲು ಕಚ್ಚಿ, ಗಂಗವ್ವನಿಗೆ ಕೈಮುಗಿದು ನಿಂತಿದ್ದೆ.