ಕಾಕಾನ ಬಿಲ್ಡ್ ಕಾಯೂ ಪಾಳಿ

ಹೆಂಡತಿ ಬಯ್ಯೂದು ನಿಂತು ಹೋಗ್ತೈತಿ ಅಂತ ಅಂಜಿ ಊಟ ಬಿಟ್ಟ ಗಂಡಸನ್ನ ನೀವು ಎಲ್ಲೆರೆ ನೋಡೀರೇನು? ನಾ ನೋಡೇನಿ. ನಮ್ಮ ಕಾಕಾ! ಉಳದ ಗಂಡಸರು ಇದನ್ನ ಕೇಳಿ, "ಪುಣ್ಯಾ ಮಾಡ್ಯಾನ, ಅವಂಗ ತಿಳೀವಲ್ದು" ಅಂದಾರು. ಅನ್ನಲಿ ಬಿಡ್ರಿ. ದಾಂಡೇಲಿ ಪೇಪರ್ ಮಿಲ್ಲಿನ್ಯಾಗ ಬಾಯ್ಲರ್ ಕಾದು ರಿಟಾಯರ್ ಆದ ನಮ್ಮ ಕಾಕಾನ ತಲಿ ಉಳದವರ ತಲಿ ಹಂಗ ಓಡಿದ್ರ ನಾ ಯಾಕ ಅವನ ಬಗ್ಗೆ ಬರೀತಿದ್ದೆ?

ರಿಟಾಯರ್ ಆದ ಮ್ಯಾಲೆ ಮಂದಿ ಭಜನಿಗೆ ಹೋಗ್ತಾರ, ಇಲ್ಲಾ ಕಟ್ಟಿ ಮ್ಯಾಲೆ ಕುಂತು ರಾಜಕಾರಣ ಮಾತಾಡ್ತಾರ. ನಮ್ಮ ಕಾಕಾ ವಿಡಿಯೋ ನೋಡಿ ನೋಡಿ ಫೋನಿನ ಆಪ್ ಮಾಡೂದು ಕಲ್ತ! ಮೊದಲನೇ ಆಪ್ ಜೊಯಿಡಾ ಬಸ್ಸಿಂದು. ಜೊಯಿಡಾಕ್ಕ ಮೊದಲ ಬಸ್ ಕಡಿಮಿ, ಇದ್ದದ್ದು ತಪ್ಪಿದ್ರ ಆ ದಿನಾನ ಹೋತು. ಹಂಗಾಗಿ ಬಸ್ ಹೊಂಡೂ ಹೊತ್ತಿಗೆ ಫೋನ ಒದರಿ ಹೇಳಬೇಕು ಅಂತ ಅವನ ವಿಚಾರ. ನಾ ಹಳಿಯಾಳದಿಂದ ಬಂದವಳು ಅದನ್ನ ನಂಬಿ ದಾಂಡೇಲಿ ಸ್ಟ್ಯಾಂಡಿನ್ಯಾಗ ನಿಂತು ನಿಂತು ಕಾಲು ಸೋತು ಅವಂಗ ಫೋನ್ ಹಚ್ಚಿದೆ.

"ಕಾಕಾ, ಬಸ್ ಹೋತು ಅಂತೈತಿ ನಿನ್ನ ಆಪ್. ಇಲ್ಲಿ ನೋಡಿದ್ರ ಬಸ್ ಇನ್ನೂ ಬಂದ ಇಲ್ಲ!"

"ಆಪ್ ಬರೋಬ್ಬರಿ ಐತವಾ," ಅಂದ. "ಬಸ್ಸಿಂದ ತಪ್ಪು!"

ಇಂಥಾ ನಗೂ ಮನಿಯಾಗ ಈ ವರ್ಷ ಸಿಡಿಲು ಬಡೀತು. ಕಾಕಾನ ಹೆಂಡತಿ, ನಮ್ಮ ಕಾಕುನ ಧ್ವನಿ ಒಡಕೊಂಡಿತ್ತು. ಥಂಡಿ ಆಗೈತಿ ಅಂತ ಕಷಾಯ ಕುಡದ್ಲು, ಉಪ್ಪುನೀರು ಮುಕ್ಕಳಿಸಿದ್ಲು, ಏನ್ ಮಾಡಿದ್ರೂ ಇಳೀಲಿಲ್ಲ. ಹುಬ್ಬಳ್ಳಿ ಡಾಕ್ಟರು ನೋಡಿ, ಗಂಟಲಾಗ ಗಂಟು ಬೆಳದೈತಿ, ಧ್ವನಿಪೆಟ್ಟಿಗಿನ ತಗೀಬೇಕು ಅಂದ್ರು. ಜೀವಕ್ಕ ಅಂಜೂದು ಬ್ಯಾಡ, ಆದ್ರ ಮಾತು ಹೋಗ್ತೈತಿ. ಆಪರೇಶನ್ ಬರೂ ಸೋಮವಾರ! ಸುದ್ದಿ ನನ್ನ ಕಿವಿಗೆ ಬಿದ್ದದ್ದ ತಡ, ಕೆಲಸಕ್ಕ ರಜಾ ಹಾಕಿ ದಾಂಡೇಲಿಗೆ ಓಡಿ ಬಂದೆ.

ಬಂದು ನೋಡಿದ್ರ ಕಾಕು ಆರಾಮಾಗಿ ಕುಂತು ಅವರಿಕಾಯಿ ಬಿಡಸಾಕತ್ತಾಳ, ಮುಂಡಗೋಡ ಟಿಬೆಟನ್ ಕಾಲೊನಿಯಾಗ ತಗೊಂಡಿದ್ದ ಮಫ್ಲರ್ ಕೊರಳಿಗೆ ಸುತ್ತಿಕೊಂಡು. ಕಾಕಾ ಮಾತ್ರ ಅಂಗಳದಿಂದ ಹಿತ್ತಲಕ್ಕ, ಹಿತ್ತಲದಿಂದ ಅಂಗಳಕ್ಕ ತಿರಗಾಕತ್ತಿದ್ದ.

"ಮಾತು ಹೋದ್ರ ಹೋತು, ಪಾಟಿ ಮ್ಯಾಲೆ ಬರದು ತೋರಸ್ತೇನಿ ಬಿಡ್ರಿ," ಅಂದ್ಲು ಕಾಕು.

"ಬರದು ತೋರಸೂದ್ರಾಗ ನಿನ್ನ ಸಿಟ್ಟು ಆರಿ ಹೋಗಿರ್ತೈತಿ!" ಅಂತ ಒದರಿದ ಕಾಕಾ. "ಆರಿದ ಸಿಟ್ಟು ತಗೊಂಡು ನಾ ಏನು ಮಾಡ್ಲಿ?"

ಅವತ್ತ ನಿರ್ಧಾರ ಆತು. ಕಾಕುನ ಧ್ವನಿ ಹೋಗೂದ್ರೊಳಗ ಅದನ್ನ ತುಂಬಿ ಇಟ್ಟು, ಒಂದು ಆಪ್ ಮಾಡೂದು. ಚಿತ್ರದ ಗುಂಡಿ ಒತ್ತಿದ್ರ ಅಕಿ ಧ್ವನಿಯಾಗ ಮಾತು ಬರಬೇಕು.

"ಫೋನಿನ್ಯಾಗ ಸುಮ್ಮ ರಿಕಾರ್ಡ್ ಮಾಡಿಟ್ರ ಸಾಕಲ್ಲ ಕಾಕಾ?" ಅಂದೆ.

"ನೀರು ಬೇಕಾದಾಗ ಅಕಿ ಯಾವ ರಿಕಾರ್ಡಿಂಗಿನ್ಯಾಗ ನೀರು ಐತಿ ಅಂತ ಹುಡುಕುತ ಕುಂದರಬೇಕೇನು? ಅಷ್ಟೊತ್ತಿಗೆ ನಾ ಬಾವಿ ತೋಡಿ ನೀರು ತಂದಿರ್ತೇನಿ!"

ರಿಕಾರ್ಡಿಂಗ್ ಅಂದ್ರ ಏನು ಕೇಳ್ತೀರಿ! ಕಿಟಕಿ ಬಂದ್, ಫ್ಯಾನ್ ಬಂದ್, ಒಳಗ ಮೂರೂ ಮಂದಿ ಬೆವರಿನ್ಯಾಗ ತೊಯ್ದು ತೊಪ್ಪಡಿ. ಕಾಕು "ಚಾ ಬೇಕು" ಅನ್ನೂದ್ರಾಗ ಕುಕ್ಕರ್ ಸೀಟಿ ಹೊಡೀತು. "ನಿದ್ದಿ ಬಂದೈತಿ" ಅನ್ನೂದ್ರಾಗ ಪಾಳಿ ಬದಲಿಸೂ ಮಿಲ್ಲಿನ ಭೋಂಗಾ ಒದರ್ತು. ಕಾಕಾ ನಾಟಕದ ಮಾಸ್ತರನಂಗ ಕೈ ತಿರುವಿ, "ನೋವು ಅನ್ನುವಾಗ ಒಂಚೂರು ನೋವು ಬರಲಿ" ಅಂದ. "ಬ್ಯಾನಿ ಬಂದಾಗ ಅದ ಬರ್ತೈತಿ, ಈಗ ಎಲ್ಲಿಂದ ತರ್ಲಿ?" ಅಂದ್ಲು ಕಾಕು. ನಾ ನಕ್ಕೆ. ನಕ್ಕು ಹೊರಗ ಹೋಗಿ ಕಣ್ಣು ಒರಸಿಕೊಂಡು ಬಂದೆ.

ಧ್ವನಿ ತುಂಬೂದು ಮುಗೀತು, ಖರೇ ಸಂಕಟ ಮುಂದ ಐತಿ. ಕಾಕಾನ ಮುದಿ ಲ್ಯಾಪ್‌ಟಾಪಿಗೆ ಆಪ್ ಕಟ್ಟೂ ತಾಕತ್ತಿಲ್ಲ. ನಾವು ಬರದದ್ದನ್ನ ಇಂಟರ್ನೆಟ್ಟಿನ ಮ್ಯಾಲೆ ಎಲ್ಲೋ ದೂರದ ದೊಡ್ಡ ಕಂಪ್ಯೂಟರಿಗೆ ಕಳಿಸಿದ್ರ ಅದು ಕಟ್ಟಿ ವಾಪಸ್ ಕೊಡ್ತೈತಂತ, ಗಿರಣಿಗೆ ಗೋಧಿ ಕಳಿಸಿ ಹಿಟ್ಟು ತಂದಂಗ. ಹಂಗ ಕಟ್ಟೂದಕ್ಕ ಬಿಲ್ಡ್ ಅಂತಾರ. ಆ ಗಿರಣಿ ಜೋಡಿ ಮಾತಾಡಾಕ ಇಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಹಾಕ್ಕೋಬೇಕು. ಅದಕ್ಕ ಮೌಸ್ ನಡಿಯೂದಿಲ್ಲ, ಚಿತ್ರ ಇಲ್ಲ. ಕರೀ ಪರದೆ ಮ್ಯಾಲೆ ಒಂದೊಂದ ಕಮಾಂಡ್ ಟೈಪ್ ಮಾಡಬೇಕು. ಒಂದು ಚುಕ್ಕಿ ತಪ್ಪಿದ್ರೂ ಅದಕ್ಕ ಸಿಟ್ಟು!

ಕಾಕಾ ಅದನ್ನ ಇನ್‌ಸ್ಟಾಲ್ ಮಾಡಿದ. ಇನ್‌ಸ್ಟಾಲ್ ಆತು ಅಂತ ಅದ ಹೇಳ್ತು. ಹೆಸರು ಹಿಡದು ಕರದ್ರ, ಇಂಥಾ ಕಮಾಂಡ್ ಇಲ್ಲಿ ಇಲ್ಲ ಅಂತ ಅದ ಹೇಳ್ತು!

"ಮನ್ಯಾಗ ಕುಂತು ಮನ್ಯಾಗಿಲ್ಲ ಅಂತ ಹೇಳಿ ಕಳಸೂ ಜಾತಿ ಇದು," ಅಂತ ಕಾಕಾ ಹಲ್ಲು ಕಡದ. ಮತ್ತ ತಗದ, ಮತ್ತ ಹಾಕಿದ. ಬಾಜೂ ಮನಿ ಚಾಚಾ ಬಂದ್ರು. ಕಾಕಾನ ಜೋಡಿ ಅದ ಮಿಲ್ಲಿನ್ಯಾಗ ಫಿಟ್ಟರ್ ಇದ್ದವರು. ಪರದೆ ಕಡೆ ಕಣ್ಣು ಸಣ್ಣ ಮಾಡಿ ನೋಡಿ, "ಅರೇ ಭಾಯಿ, ಬಂದ್ ಮಾಡಿ ಚಾಲೂ ಮಾಡ್ರಿ" ಅಂದ್ರು. ಚಾಚಾ ಮಿಕ್ಸರಿಗೂ ಇದನ್ನ ಹೇಳ್ತಾರ, ಸ್ಕೂಟರಿಗೂ ಇದನ್ನ ಹೇಳ್ತಾರ, ಬೆನ್ನು ನೋವಿಗೂ ಇದನ್ನ ಹೇಳಿದ್ರೂ ಹೇಳ್ಯಾರು! ಕಾಕಾಗ ಉರೀತು. ಆದ್ರೂ ಆ ಕರೀ ಪರದೆ ಮುಚ್ಚಿ ಮತ್ತ ತಗದ. ಕರದ ಕೂಡಲೇ ಓ ಅಂತು! ಚಾಚಾ ದೊಡ್ಡ ಡಾಕ್ಟರನಂಗ ಚಾ ಕುಡದು ಎದ್ದು ಹೋದ್ರು.

ಆಮ್ಯಾಲೆ ಪಾಸ್‌ವರ್ಡ್ ಕೇಳ್ತು. ಕಾಕಾ ಟೈಪ್ ಮಾಡಿದ್ರ ಒಂದ ಅಕ್ಷರ ಮೂಡವಲ್ದು. ಕೀಬೋರ್ಡ್ ಸತ್ತೈತಿ ಅಂತ ಲ್ಯಾಪ್‌ಟಾಪ್ ಬೋರಲು ಹಾಕಿ ಬಡದ.

"ಚುರಮುರಿ ಬಿದ್ವು, ಪಾಸ್‌ವರ್ಡ್ ಬೀಳಲಿಲ್ಲ," ಅಂದ್ಲು ಕಾಕು.

ನಾ ಹುಡುಕಿ ಓದಿದೆ. ಹಿಂದ ನಿಂತವರು ನೋಡಬಾರದಂತ ಅದು ಅಕ್ಷರ ತೋರಸೂದ ಇಲ್ಲಂತ. "ಹಿಂದ ಯಾರು ನಿಂತಾರ? ನೀ ಒಬ್ಬಾಕಿ!" ಅಂತ ಕಾಕಾ ನನ್ನ ಕಡೆ ಕಳ್ಳನ್ನ ನೋಡಿದಂಗ ನೋಡಿದ.

ಅಂತೂ ಬಿಲ್ಡ್ ಹೋತು. ಹೋಗಿ ಸರದಿಯಾಗ ನಿಂತಿತು. ಜಗತ್ತಿನ ಮಂದಿಯೆಲ್ಲಾ ಅಲ್ಲೇ ಬೀಸಾಕ ಹಾಕ್ಯಾರ! ಕಾಕಾ ಕುರ್ಚಿ ಬಿಟ್ಟು ಏಳವಲ್ಲ. ಲ್ಯಾಪ್‌ಟಾಪ್ ಮುಚ್ಚಿದ್ರೂ ಅಲ್ಲಿ ಕೆಲಸ ನಡೀತೈತಿ ಅಂದ್ರ ನಂಬಲಿಲ್ಲ. ಮಿಲ್ಲಿನ್ಯಾಗ ಪಾಳಿ ಮುಗದ್ರೂ ಮುಂದಿನಾಂವ ಬಂದು ಚಾರ್ಜ್ ತಗೋಳೂತನಕ ಬಾಯ್ಲರ್ ಬಿಟ್ಟು ಹೋಗೂ ಹಂಗಿಲ್ಲ. ಹಂಗಾಗಿ ಜಳಕಕ್ಕ ಹೋಗುವಾಗ ಕಾಕುನ್ನ ಕರದು ಕುರ್ಚಿ ಮ್ಯಾಲೆ ಕುಂದರಿಸಿದ.

"ಚಾರ್ಜ್ ತಗೊಂಡೆ ಅನ್ನು."

"ತಗೊಂಡೇನ್ರೀ, ಹೋಗ್ರಿ."

"ಹಂಗಲ್ಲ. ಚಾರ್ಜ್ ತಗೊಂಡೆ ಅನ್ನು!"

ಅಂದ್ಲು ಪಾಪ, ಇದ್ದ ಒಡಕು ಧ್ವನಿಯಾಗ.

ಬಿಲ್ಡ್ ಮಾತ್ರ ಕೈಗೆ ಬರವಲ್ದು. ಹೊರಗ ಬಂದಾಗೊಮ್ಮೆ ಕಾಕಾ, "ಇದೂ ಕೆಡ್ತು" ಅಂತ ಹಣಿ ಬಡಕೊಳ್ಳಾಂವ. ಶನಿವಾರ ಬಂತು. ನಾಳೆ ಹುಬ್ಬಳ್ಳಿಗೆ ಹೋಗಿ ಅಡ್ಮಿಟ್ ಆಗಬೇಕು. ಕಾಕಾನ ಮುಖ ಸುಣ್ಣ ಆಗಿತ್ತು, ಎರಡು ದಿನದಿಂದ ಸರಿಯಾಗಿ ತುತ್ತು ಎತ್ತಿರಲಿಲ್ಲ. ಏನಾಗ್ತೈತಿ ನೋಡೇ ಬಿಡೂಣು ಅಂತ ಅವನ ಮಗ್ಗಲಾಗ ಕುಂತೆ.

ಪರದೆ ಮ್ಯಾಲೆ ಬಿಳೀ ಸಾಲು ಓಡಾಕತ್ವು. ನಡುವ ಒಂದು ಹಳದಿ ಸಾಲು ಬಂತು. ಅದು ಬರೂದ ತಡ, ಕಾಕಾನ ಬಟ್ಟು ಟಕಟಕ ಓಡಿ ಏನೋ ಟೈಪ್ ಮಾಡಿದ್ವು. ಬಿಲ್ಡ್ ರದ್ದಾಗೈತಿ ಅಂತ ಬಂತು.

"ನೋಡಿದ್ಯಾ? ಕೆಡ್ತು!" ಅಂದ.

"ಕಾಕಾ! ಅದು ಕೆಟ್ಟಿಲ್ಲ, ನೀನ ನಿಲ್ಲಿಸಿದಿ!"

"ನಿಲ್ಲಸಬೇಕಲ್ಲ! ಹಳದಿ ಬಂತಲ್ಲ!"

ಆವಾಗ ನನ್ನ ತಲಿಗೆ ಹೊಳೀತು. ಈ ಪುಣ್ಯಾತ್ಮ ಎಲ್ಲಾ ಕಮಾಂಡಿನಕಿಂತ ಮೊದಲು ನಿಲ್ಲಸೂ ಕಮಾಂಡ್ ಬಾಯಿಪಾಠ ಮಾಡಿದ್ದ! ಬಾಯ್ಲರ್ ಮುಂದ ನಿಂತವರ ಪದ್ಧತಿ ಅದು. ಹಳದಿ ದೀಪ ಹತ್ತಿದ್ರ ಮೊದಲು ನಿಲ್ಲಸಬೇಕು, ಕಾರಣ ಆಮ್ಯಾಲೆ ಕೇಳಬೇಕು. ಅಷ್ಟೂ ದಿನ ಚೊಲೋ ನಡದಿದ್ದ ಬಿಲ್ಡೆಲ್ಲಾ ನಮ್ಮ ಕಾಕಾನ ಕೈಯಾಗ ಸತ್ತಿದ್ವು.

"ಇದು ಬರೇ ಎಚ್ಚರಿಕಿ ಕಾಕಾ. ಒಳಗಿನ ಸಾಮಾನು ಹಳೇದಾಗೈತಿ, ಯಾವಾಗರೆ ಬದಲ ಮಾಡ್ರಿ ಅಂತೈತಿ, ಅಷ್ಟ."

"ಹಳೇದಾಗೈತಿ ಅಂತ ಬಾಯ್ಲರ್ ಹೇಳಿದ್ರ ಸುಮ್ಮ ಕುಂದರ್ತಾರೇನು?" ಅಂದ. ಆಮ್ಯಾಲೆ ಧ್ವನಿ ಸಣ್ಣ ಆತು. "ನಿಲ್ಲಸಲಿಲ್ಲ ಅಂದ್ರ, ಒಳಗ ಏನರೆ ಆದ್ರ? ಅದರಾಗ ಅಕಿ ಧ್ವನಿ ಐತಿ."

ರಿಕಾರ್ಡಿಂಗ್ ಎಲ್ಲಾ ಪೆನ್‌ಡ್ರೈವಿನ್ಯಾಗ ಬ್ಯಾರೆ ಇದ್ವು. ನನಗ ಗೊತ್ತಿತ್ತು, ಅವಂಗೂ ಗೊತ್ತಿತ್ತು. ಅಂಜಿಕಿಗೆ ಪೆನ್‌ಡ್ರೈವ್ ಗೊತ್ತೈತೇನು?

ಕಾಕು ಒಳಗಿಂದ ಕೈ ಒರಸಿಕೊಂತ ಬಂದ್ಲು. ಕಾಕಾನ ಮಗ್ಗಲಿನ ಸ್ಟೂಲಿನ ಮ್ಯಾಲೆ ಕುಂತು ಅವನ ಎರಡೂ ಕೈ ಎಳದು ತನ್ನ ಉಡಿಯಾಗ ಇಟ್ಟು ಗಟ್ಟಿ ಹಿಡಕೊಂಡ್ಲು.

"ಈಗ ಕಳಸವಾ ನೀ," ಅಂದ್ಲು ನನಗ.

ಕಳಿಸಿದೆ. ಸರದಿ ಬಂತು, ಬಿಳೀ ಸಾಲು ಓಡಿದ್ವು. ಹಳದಿ ಬಂತು. ಕಾಕಾ ಮೀನಿನಂಗ ಒದ್ದಾಡಿದ. "ಬಿಡ, ಬಿಡ!" "ಸುಮ್ಮ ಕುಂದರ್ರಿ!" ಇನ್ನೊಂದು ಹಳದಿ. ನಾನ ಕಣ್ಣು ಮುಚ್ಚಿದೆ, ಯಾವ ದೇವರನ್ನ ನೆನೆದೆನೋ ನನಗ ಗೊತ್ತಿಲ್ಲ. ಕಣ್ಣು ತಗದ್ರ ಹಸರು ಅಕ್ಷರ! ಬಿಲ್ಡ್ ಮುಗದಿತ್ತು. ನಾ ಎದ್ದು ಕುಣದೆ. ಅವರಿಬ್ಬರೂ ಏಳಲಿಲ್ಲ. ಕಾಕು ಕೈ ಬಿಡಲಿಲ್ಲ, ಕಾಕಾನೂ ಬಿಡಿಸಿಕೊಳ್ಳಲಿಲ್ಲ.

ಸೋಮವಾರ ಆಪರೇಶನ್ ಆತು. ಎಲ್ಲಾ ಚೊಲೋ ಆತು ಅಂದ್ರು ಡಾಕ್ಟರು. ಮುಂದ ವಾರ್ಡಿಗೆ ತಂದಾಗ ಕಾಕು ಕೊರಳಿಗೆ ಪಟ್ಟಿ ಸುತ್ತಿಕೊಂಡು ಮಲಗಿದ್ಲು, ಕಣ್ಣಷ್ಟ ಮಾತಾಡ್ತಿದ್ವು. ಕಾಕಾ ಫೋನ್ ತಗದು ಅಕಿ ಮುಂದ ಹಿಡದ. ನೀರು, ನೋವು, ನರ್ಸ್, ಎಲ್ಲಾ ಗುಂಡಿ ಇದ್ವು. ಕಾಕು ಅವನ್ನ ಒಂದೊಂದ ನೋಡಿ, ದಾಟಿಕೊಂಡು ಹೋಗಿ, ತಳದಾಗಿನದೊಂದು ಒತ್ತಿದ್ಲು.

"ಇಲ್ಲಿ ಕೇಳ್ರಿ," ಅಂತು ಅಕಿ ಧ್ವನಿ.

"ಓ! ಏನು ಬೇಕು? ನೀರು ಬೇಕೇನು? ನೋವಾಗಾಕತ್ತೈತೇನು?" ಕಾಕಾ ಮಂಚದ ಮ್ಯಾಲೆ ಬಗ್ಗಿದ.

ಕಾಕು ಅಲ್ಲ ಅಂತ ಕಣ್ಣು ಆಡಿಸಿ ಮತ್ತ ಅದನ್ನ ಒತ್ತಿದ್ಲು. "ಇಲ್ಲಿ ಕೇಳ್ರಿ."

"ಓ, ಕೇಳಾಕತ್ತೇನಿ, ಹೇಳು!"

ಮತ್ತ ಅದ. ಬಾಜೂ ಮಂಚದ ಹೆಣ್ಮಗಳು ತಡೀಲಾರದ, "ಅವರಿಗೆ ಏನೋ ಬೇಕಾಗೈತ್ರೀ ಯಜಮಾನ್ರ, ನರ್ಸನ್ನ ಕರೀರಿ" ಅಂದ್ಲು.

"ಏನೂ ಬೇಕಾಗಿಲ್ರೀ ಅಕಿಗೆ," ಅಂದ ಕಾಕಾ, ಎರಡೂ ಕಣ್ಣಾಗ ನೀರು ಇಳಿಯಾಕತ್ತಿತ್ತು. "ನಾ ಇಲ್ಲೇ ಇದ್ದೇನೋ ಇಲ್ಲೋ ಅಂತ ನೋಡಾಕತ್ತಾಳ."

ಫೋನು ಮತ್ತ ಕರೀತು. ಕಾಕಾ ಸ್ಟೂಲ್ ಎಳಕೊಂಡು ಅಕಿ ಮಗ್ಗಲಾಗ ಕುಂತು, "ಓ" ಅಂದ.